ಅಮ್ಮನ ಮಂಡಿಗೆ ಪಿಆರ್‌ಪಿ ಇಂಜೆಕ್ಷನ್ ಹಾಕಿಸೋದಾ, ಬೇಡ್ವಾ?

ಮೂಡಿಗೆರೆ_ತೋಟ

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಮಂಡಿಗೆ ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಹಾಕಿಸಿದ್ದರೆ ದಯವಿಟ್ಟು ಹೇಳಿ. ಡಾಕ್ಟರ್, ಫಿಸಿಯೋದವರು ಇದ್ದರೆ ಇನ್ನೂ ಒಳ್ಳೆಯದು.

ಅಮ್ಮನಿಗೆ 61 ವರ್ಷ. ತೂಕ 74 ಕೆಜಿ. ಶುಗರ್ ಇದೆ, ಮಾತ್ರೆಯಲ್ಲೇ ಹಿಡಿತದಲ್ಲಿದೆ. ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಕಣದಲ್ಲಿ ಕಾಫಿ ಹರವಿ ಏಳುವಾಗ ಎರಡೂ ಕೈ ತೊಡೆಗೆ ಊರಿಕೊಂಡೇ ಏಳಬೇಕು. ಜಗಲಿ ಮೆಟ್ಟಿಲು ಇಳಿಯುವಾಗ ಅಡ್ಡ ತಿರುಗಿ, ಗೋಡೆ ಹಿಡಿದು, ಮೊದಲು ಬಲಗಾಲು ಇಟ್ಟು ಆಮೇಲೆ ಎಡಗಾಲನ್ನು ಅದೇ ಮೆಟ್ಟಿಲಿಗೆ ತರುತ್ತಾರೆ. ನೋಡೋಕೆ ಆಗಲ್ಲ. ಆದರೂ ಕೊಯ್ಲು ಶುರುವಾದರೆ ಮನೆಯಲ್ಲಿ ಕೂರು ಅಂದರೆ ಕೂರುವವರಲ್ಲ.

ಎಕ್ಸ್‌ರೇ ತೆಗೆಸಿದೆವು. ಸವೆತ ಬಲ ಮಂಡಿ ಗ್ರೇಡ್ 3, ಎಡ ಮಂಡಿ ಗ್ರೇಡ್ 2 (4 ಅಂದರೆ ಅತಿ ಹೆಚ್ಚು) ಎಂದು ಬರೆದಿದ್ದಾರೆ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ, ನಿಮ್ಮದೇ ರಕ್ತ ತೆಗೆದು ಅದರಿಂದ ಪ್ಲೇಟ್‌ಲೆಟ್ ಬೇರೆ ಮಾಡಿ ಮಂಡಿಗೆ ಹಾಕುತ್ತೇವೆ, ಒಂದೊಂದು ಮಂಡಿಗೆ ಮೂರು ಇಂಜೆಕ್ಷನ್, ಒಂದಕ್ಕೆ 9,000 ರೂಪಾಯಿ ಅಂದರು. ಎರಡೂ ಮಂಡಿ ಸೇರಿ 54,000 ಆಯ್ತು. ಸವೆದ ಕಾರ್ಟಿಲೇಜ್ (ಕೀಲಿನ ಮೆದುಮೂಳೆ) ಮತ್ತೆ ಬೆಳೆಯುತ್ತೆ, ಆಪರೇಷನ್ ಬೇಕಾಗಲ್ಲ ಅಂತಲೂ ಹೇಳಿದರು. ಬೇರೆ ಡಾಕ್ಟರ್ ಹತ್ತಿರ ಕೇಳಿದರೆ ಈಗಲೇ ಬೇಡ, ವ್ಯಾಯಾಮ ಮಾಡಿಸಿ ಅಂದರು. ಇಬ್ಬರೂ ಓದಿದವರೇ. ಯಾರ ಮಾತು ಕೇಳೋದು?

ಇನ್ನೊಂದು ಅನುಮಾನ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಹಾಕುತ್ತಾರಲ್ಲ, ಇದೂ ಅದೇನಾ? ಅಪ್ಪ ಅದನ್ನೇ ಕೇಳುತ್ತಿದ್ದಾರೆ, ನನಗೆ ಉತ್ತರ ಗೊತ್ತಿಲ್ಲ.

ದುಡ್ಡು ಹೇಗೋ ಹೊಂದಿಸಬಹುದು. ಆದರೆ ಅಮ್ಮನಿಗೆ ಸುಮ್ನೆ ಆರು ಸಲ ಸೂಜಿ ಚುಚ್ಚಿಸಿ ಏನೂ ಆಗಲಿಲ್ಲ ಅಂದರೆ ಅವರು ಮತ್ತೆ ಯಾವ ಡಾಕ್ಟರ್ ಹತ್ತಿರವೂ ಬರಲ್ಲ. ಅದೇ ನನ್ನ ಹೆದರಿಕೆ.

ಫಿಸಿಯೋ_ಹಾಸನ

ನಮಸ್ಕಾರ ಸರ್. ಹಾಸನದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಮಂಡಿನೋವಿನವರೇ, ಅದರಲ್ಲೂ ತೋಟ, ಗದ್ದೆ ಕೆಲಸ ಮಾಡುವ ಹೆಂಗಸರು.

ಮೊದಲು ಒಂದು ಮಾತು. ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ ಅಂದರಲ್ಲ, ಅದಕ್ಕೆ ಗಟ್ಟಿ ಆಧಾರ ಇಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ರಿಸ್ಟೋರ್ ಎಂಬ ಅಧ್ಯಯನ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ 288 ಜನ ಇದ್ದರು. ಎಲ್ಲರೂ 50 ದಾಟಿದವರು, ಮಂಡಿ ಸವೆತ ಗ್ರೇಡ್ 2 ಅಥವಾ 3. ಅಂದರೆ ಸರಿಯಾಗಿ ನಿಮ್ಮಮ್ಮನಂಥವರು. ಅರ್ಧ ಜನಕ್ಕೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ, ಉಳಿದರ್ಧಕ್ಕೆ ಮೂರು ಸಲ ಬರೀ ಉಪ್ಪುನೀರಿನ ಸಲೈನ್. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ. ಒಂದು ವರ್ಷ ಆದ ಮೇಲೆ ಹತ್ತಕ್ಕೆ ಲೆಕ್ಕ ಹಾಕಿದ ನೋವು ಪಿಆರ್‌ಪಿಯವರಲ್ಲಿ 2.1 ಇಳಿದಿತ್ತು, ಸಲೈನ್‌ನವರಲ್ಲಿ 1.8. ಇದು ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅಲ್ಲ. ಎಂಆರ್‌ಐ ಮಾಡಿ ಕಾರ್ಟಿಲೇಜಿನ ಗಾತ್ರವನ್ನೂ ಅಳೆದರು. ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಕರಗಿತ್ತು. ಯಾರದೂ ಬೆಳೆದಿರಲಿಲ್ಲ.

ಹಾಗಂತ ಇದು ಮೋಸ ಅಂತ ನಾನು ಹೇಳಲ್ಲ. ನಮ್ಮ ದೇಶದಲ್ಲೇ, ಚಂಡೀಗಡದ ಪಿಜಿಐ ಆಸ್ಪತ್ರೆಯಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಬಂತು. 78 ಜನ, ಎರಡೂ ಮಂಡಿ ನೋವಿದ್ದವರು. ಅಲ್ಲಿ ಸಲೈನ್‌ಗಿಂತ ಪಿಆರ್‌ಪಿ ಸ್ಪಷ್ಟವಾಗಿ ಚೆನ್ನಾಗಿ ಕೆಲಸ ಮಾಡಿತು, ಒಂದು ಸಲ ಹಾಕಿದ್ದಕ್ಕೂ ಎರಡು ಸಲ ಹಾಕಿದ್ದಕ್ಕೂ ದೊಡ್ಡ ವ್ಯತ್ಯಾಸ ಬರಲಿಲ್ಲ. ಆದರೆ ಆರು ತಿಂಗಳ ಹೊತ್ತಿಗೆ ಗುಣ ಸ್ವಲ್ಪ ಇಳಿಮುಖ ಆಗಿತ್ತು. ಒಂದು ಸಲಕ್ಕೇ ಆಗುವುದು ನಿಜವಾದರೆ ಮೂರು ಯಾಕೆ ಅಂತ ನೀವು ಕೇಳಲೇಬೇಕು.

ಈಗ ನನ್ನ ಪ್ರಶ್ನೆ. ಅಮ್ಮ ತೊಡೆಯ ಸ್ನಾಯುವಿಗೆ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡಿದ್ದಾರಾ? ನೂರಕ್ಕೆ ತೊಂಬತ್ತು ಜನ ಇಲ್ಲ ಅಂತಾರೆ. ಒಂದು ವಾರ ಮಾಡಿ, ನೋವು ಹೋಗಲಿಲ್ಲ ಅಂತ ಬಿಟ್ಟಿರುತ್ತಾರೆ. ಕಣದಲ್ಲಿ ದಿನವಿಡೀ ಓಡಾಡುತ್ತೇನಲ್ಲ, ಅದೇ ವ್ಯಾಯಾಮ ಅಲ್ವಾ ಅಂತಾರೆ. ಅಲ್ಲ. ಅದು ಮಂಡಿಯನ್ನು ದಣಿಸುವ ಕೆಲಸ, ಸ್ನಾಯುವನ್ನು ಗಟ್ಟಿ ಮಾಡುವ ಕೆಲಸ ಬೇರೆ.

ಇವತ್ತೇ ಶುರು ಮಾಡುವಂಥದ್ದು ಹೇಳುತ್ತೇನೆ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ. ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗಿಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಲಿ, ತೊಡೆ ಮುಂಭಾಗ ಬಿಗಿಯಾಗಬೇಕು. ನೀವು ಕೈ ಇಟ್ಟು ನೋಡಿ, ಗಟ್ಟಿಯಾಗಿದ್ದು ಗೊತ್ತಾಗುತ್ತೆ. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಲಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಅದು ಸುಲಭ ಆದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನ ಕೂರುವುದು. ಕುರ್ಚಿ ಎತ್ತರ ಸಾಲದಿದ್ದರೆ ದಿಂಬು ಹಾಕಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಮಾರನೇ ದಿನವೂ ಇಳಿಯದಷ್ಟು ನೋವಾದರೆ ಕಡಿಮೆ ಮಾಡಿ.

ತೂಕದ ವಿಷಯ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಐದು ಕೆಜಿ ಇಳಿಸಿದರೆ ಲೆಕ್ಕ ನೀವೇ ಹಾಕಿ. ನೆಲದ ಮೇಲೆ, ಮಣೆ ಮೇಲೆ ಕೂರುವುದು ಬಿಡಿಸಿ. ಕಕ್ಕಸಿಗೆ ಕಮೋಡ್ ಕುರ್ಚಿ ತನ್ನಿ. ಕೋಲು ಹಿಡಿಯೋದಾದರೆ ಎಡಗೈಯಲ್ಲಿ ಹಿಡಿಯಲಿ. ನೋವು ಜಾಸ್ತಿ ಇರುವುದು ಬಲಗಾಲು ತಾನೇ, ಎಲ್ಲರೂ ನೋವಿರುವ ಕಡೆಯೇ ಹಿಡಿಯುತ್ತಾರೆ, ಅದು ತಪ್ಪು.

ಬ್ಲಡ್‌ಬ್ಯಾಂಕ್_ಟೆಕ್

ನಿಮ್ಮ ಅಪ್ಪಾಜಿ ಕೇಳಿದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ರಕ್ತನಿಧಿಯಲ್ಲಿ ಟೆಕ್ನಿಷಿಯನ್. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಡೆಂಗಿಯಲ್ಲಿ ಹಾಕುವುದು ಬೇರೆಯವರು ದಾನ ಕೊಟ್ಟ ರಕ್ತದ ಪ್ಲೇಟ್‌ಲೆಟ್. ಚೀಲದಲ್ಲಿ ಬರುತ್ತದೆ, ನರಕ್ಕೆ ಏರಿಸುತ್ತಾರೆ. ರಕ್ತ ಸೋರುವುದನ್ನು ತಡೆಯುವುದು ಅದರ ಕೆಲಸ. ಅದೂ ಕೌಂಟ್ ಕಡಿಮೆ ಆದ ಎಲ್ಲರಿಗೂ ಬೇಕಿಲ್ಲ, ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋದರೆ ಅಥವಾ ರಕ್ತಸ್ರಾವ ಇದ್ದರೆ ಮಾತ್ರ. ಮಂಡಿಗೆ ಹಾಕುವ ಪಿಆರ್‌ಪಿ ಅಮ್ಮನ ಸ್ವಂತ ರಕ್ತ. ದಾನಿ ಬೇಡ, ಗ್ರೂಪ್ ನೋಡಬೇಕಿಲ್ಲ. ಹೋಗುವುದು ಕೀಲಿನೊಳಕ್ಕೆ, ನರಕ್ಕಲ್ಲ. ನಾವು ದಾನಿಗಳ ರಕ್ತದಿಂದ ಪ್ಲೇಟ್‌ಲೆಟ್ ಮಾಡುವಾಗ ನಡುವಿನ ಒಂದು ಹಂತಕ್ಕೂ ಪಿಆರ್‌ಪಿ ಎಂದೇ ಹೇಳುತ್ತೇವೆ, ಗೊಂದಲ ಅಲ್ಲಿಂದಲೂ ಬರುತ್ತೆ.

ಹೇಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ನೀವು ಸರಿಯಾಗಿ ಕೇಳಬಹುದು. ತೋಳಿನಿಂದ ರಕ್ತ ತೆಗೆಯುತ್ತಾರೆ, ಕಿಟ್ ನೋಡಿಕೊಂಡು 15ರಿಂದ 60 ಎಂಎಲ್ ತನಕ. ಹೆಪ್ಪುಗಟ್ಟದಿರಲಿ ಅಂತ ಟ್ಯೂಬ್‌ನಲ್ಲಿ ಸಿಟ್ರೇಟ್ ಇರುತ್ತದೆ. ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಕಡುಗೆಂಪು ಕಣಗಳು ಕೂರುತ್ತವೆ, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ ನಿಲ್ಲುತ್ತದೆ. ಎರಡರ ನಡುವೆ ಒಂದು ತೆಳು ಬಿಳಿ ಪಟ್ಟಿ, ಬೆಳಕಿಗೆ ಹಿಡಿದರೆ ಮಾತ್ರ ಸರಿಯಾಗಿ ಕಾಣುವಷ್ಟು ತೆಳು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಅದರಲ್ಲೇ, ಅದರ ಸ್ವಲ್ಪ ಮೇಲೆ ಇರುತ್ತವೆ. ಸೂಜಿ ಒಂದು ಎಳೆ ಕೆಳಗೆ ಹೋದರೆ ಕೆಂಪು ಕಣ ಬರುತ್ತದೆ, ಮೇಲೇ ನಿಂತರೆ ಬರೀ ಪ್ಲಾಸ್ಮಾ ಬರುತ್ತದೆ. ಆ ಮೇಲಿನ ಪದರ ತೆಗೆದು, ಸಾಧಾರಣವಾಗಿ ಎರಡನೇ ಸಲ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ಒತ್ತಾಗಿ ಕೂಡಿಸುತ್ತಾರೆ. ಕೊನೆಗೆ ಸಿಗುವುದು ಕೆಲವೇ ಎಂಎಲ್.

ನಮ್ಮ ರಕ್ತದಲ್ಲಿ ಪ್ರತಿ ಮೈಕ್ರೋಲೀಟರ್‌ಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಳ್ಳೆಯ ಪಿಆರ್‌ಪಿಗೆ ಹತ್ತು ಲಕ್ಷದ ಆಸುಪಾಸು ಇರಬೇಕು ಎನ್ನುವುದು ಹಳೆಯ ಅಳತೆಗೋಲು. ಆದರೆ ಒಂದು ಕ್ಲಿನಿಕ್‌ನ ಪಿಆರ್‌ಪಿಗೂ ಇನ್ನೊಂದರದ್ದಕ್ಕೂ ಅಜಗಜಾಂತರ ಇರಬಹುದು. ಎಷ್ಟು ವೇಗ, ಎಷ್ಟು ನಿಮಿಷ, ಬಿಳಿ ಕಣ ಉಳಿಸಿದರಾ ತೆಗೆದರಾ, ಎಲ್ಲದರ ಮೇಲೆ ಹೋಗುತ್ತೆ. ಮೇಲೆ ಫಿಸಿಯೋ ಮೇಡಂ ಹೇಳಿದ ಆಸ್ಟ್ರೇಲಿಯಾ ಅಧ್ಯಯನದ ಮೇಲೂ ಇದೇ ಟೀಕೆ ಇದೆ, ಅವರು ಬಳಸಿದ್ದರಲ್ಲಿ ಪ್ಲೇಟ್‌ಲೆಟ್ ಅಷ್ಟು ದಟ್ಟವಾಗಿರಲಿಲ್ಲ ಅಂತ. ಆದ್ದರಿಂದ ಕೇಳಿ: ಯಾವ ಕಿಟ್? ತಯಾರಾದ ಮೇಲೆ ಒಂದು ಹನಿ ತೆಗೆದು ಕೌಂಟ್ ನೋಡುತ್ತೀರಾ? ಉತ್ತರ ಕೊಡದೆ ತಳ್ಳಿಹಾಕಿದರೆ ಅಲ್ಲಿ ಹಾಕಿಸಬೇಡಿ.

ಶುಚಿತ್ವ ಎಲ್ಲಕ್ಕಿಂತ ಮುಖ್ಯ. ಟ್ಯೂಬ್, ಸೂಜಿ, ಸಿರಿಂಜ್ ನಿಮ್ಮ ಎದುರಿಗೇ ಪ್ಯಾಕ್ ಒಡೆದು ತೆಗೆಯಬೇಕು. ಟ್ಯೂಬ್ ಮೇಲೆ ಅಮ್ಮನ ಹೆಸರು ಬರೆಯಬೇಕು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಮುಖದ ಹೊಳಪಿಗೆ ಅಂತ ಪಿಆರ್‌ಪಿ ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ಬಂತು. ಒಂದೇ ಸಲ ಬಳಸಬೇಕಾದ ಸಾಮಾನು ಮತ್ತೆ ಮತ್ತೆ ಬಳಸಿದ್ದರು. 2018ರಲ್ಲಿ ಆ ಸ್ಪಾ ಮುಚ್ಚಿಸಿದರು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ಇದರ ವರದಿ ಹಾಕಿತು. ನಮ್ಮದೇ ರಕ್ತ ಅಲ್ವಾ, ಏನಾಗುತ್ತೆ ಅಂತ ಅಸಡ್ಡೆ ಮಾಡುವಂತಿಲ್ಲ.

ಸಕಲೇಶಪುರ_ಅಕ್ಕ

ಓದಿದವರು ಏನೇ ಹೇಳಲಿ, ನಮ್ಮತ್ತೆಗೆ ಪಿಆರ್‌ಪಿ ಹಾಕಿಸಿದೆವು, ಅವರಿಗೆ ಗುಣ ಆಯ್ತು. ಮಂಗಳೂರಿನಲ್ಲಿ ಹಾಕಿಸಿದ್ದು. ಮೊದಲೆರಡು ದಿನ ಮಂಡಿ ಊದಿಕೊಂಡು ಹಾಸಿಗೆಯಿಂದ ಏಳಲಿಲ್ಲ, ನನಗೆ ಗಾಬರಿ ಆಗಿತ್ತು. ಒಂದೂವರೆ ತಿಂಗಳು ಕಳೆದ ಮೇಲೆ ನಿಧಾನವಾಗಿ ನೋವು ಇಳಿಯಿತು. ಈಗ ದೇವಸ್ಥಾನಕ್ಕೆ ನಡೆದೇ ಹೋಗುತ್ತಾರೆ. ಉಪ್ಪುನೀರಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂದರೆ ನಾನು ಒಪ್ಪಲ್ಲ. ಕಣ್ಣಾರೆ ಕಂಡಿದ್ದೇನೆ.

ಫಿಸಿಯೋ_ಹಾಸನ

ಅಕ್ಕ, ನಿಮ್ಮ ಅತ್ತೆಗೆ ಗುಣ ಆಗಿದ್ದು ನೂರಕ್ಕೆ ನೂರು ನಿಜ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ, ನನಗೂ ಸಂತೋಷ. ನಾನು ಹೇಳಿದ ಅಧ್ಯಯನದಲ್ಲೂ ಪಿಆರ್‌ಪಿ ಹಾಕಿಸಿಕೊಂಡವರಿಗೆ ನೋವು ಇಳಿದಿದೆ. ಸಲೈನ್ ಹಾಕಿಸಿಕೊಂಡವರಿಗೂ ಇಳಿದಿದೆ. ಮಂಡಿನೋವಿನ ಸ್ವಭಾವವೇ ಹಾಗೆ, ಏರುತ್ತೆ ಇಳಿಯುತ್ತೆ. ಜೋರಾಗಿದ್ದಾಗ ತಾನೇ ನಾವು ಡಾಕ್ಟರ್ ಹತ್ತಿರ ಓಡೋದು, ಆಮೇಲೆ ಏನೇ ಮಾಡಿದರೂ ಒಂದಿಷ್ಟು ಇಳಿಯುವ ಹೊತ್ತೇ ಅದು. ಜೊತೆಗೆ ಸೂಜಿ ಹಾಕಿಸಿಕೊಂಡ ಮೇಲೆ ಮೈಗೆ ವಿಶ್ರಾಂತಿ ಸಿಗುತ್ತೆ, ಮನೆಯವರು ಕೆಲಸ ಬಿಡಿಸುತ್ತಾರೆ, ಭರವಸೆಯೂ ಬರುತ್ತೆ. ಇವೆಲ್ಲ ಸೇರಿ ನಿಜವಾದ ನೆಮ್ಮದಿ ಕೊಡುತ್ತವೆ. ಆದ್ದರಿಂದಲೇ ಒಬ್ಬರ ಅನುಭವ ನೋಡಿ ಇನ್ನೊಬ್ಬರಿಗೆ 54,000 ಖರ್ಚು ಮಾಡಿ ಎನ್ನುವುದು ನನಗೆ ಕಷ್ಟ. ಅತ್ತೆ ಆಮೇಲೆ ವ್ಯಾಯಾಮ ಏನಾದರೂ ಮಾಡಿದರಾ?

ಸಕಲೇಶಪುರ_ಅಕ್ಕ

ಹೂಂ, ಕಾಲು ಎತ್ತಿ ಇಳಿಸೋದು ಹೇಳಿಕೊಟ್ಟಿದ್ದರು. ಮೊಮ್ಮಗಳು ದಿನಾ ಎದುರಿಗೆ ಕೂತು ಮಾಡಿಸುತ್ತಿದ್ದಳು, ಈಗಲೂ ಮಾಡಿಸುತ್ತಾಳೆ. ಅದರಿಂದಲೂ ಇರಬಹುದು ಅಂತೀರಾ? ಆದರೂ ಸೂಜಿಯಿಂದ ಏನೂ ಆಗಲಿಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ.

ಬೇಲೂರು_ಕೈನೋವು

ಮಂಡಿಯ ವಿಷಯ ನನಗೆ ಗೊತ್ತಿಲ್ಲ, ಮೊಣಕೈಗೆ ಹಾಕಿಸಿದ್ದು ಹೇಳುತ್ತೇನೆ. ಕಪಾತು (ಗಿಡ ಸವರುವ) ಕತ್ತರಿ ಹಿಡಿದು ಹಿಡಿದು ಬಲ ಮೊಣಕೈ ಹೊರಬದಿ ಹೋಗಿತ್ತು. ಟೆನಿಸ್ ಎಲ್ಬೋ ಅಂದರು, ನಾನು ಟೆನಿಸ್ ಬ್ಯಾಟ್ ಮುಟ್ಟಿದವನೂ ಅಲ್ಲ. ಕಾಫಿ ಲೋಟ ಎತ್ತಿದರೆ ಕೈ ನಡುಗುತ್ತಿತ್ತು. ಬಾಗಿಲ ಚಿಲಕ ತಿರುಗಿಸಲು ಎಡಗೈ ಬಳಸಬೇಕಿತ್ತು. ಮೊದಲು ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿದೆ, ತಕ್ಷಣ ಆರಾಮ, ಹಬ್ಬ ಮುಗಿಯುವಷ್ಟರಲ್ಲಿ ಮತ್ತೆ ಅದೇ ಹಾಡು. ಆಮೇಲೆ ಪಿಆರ್‌ಪಿ ಹಾಕಿಸಿದೆ.

ಹಾಕುವಾಗ ಮತ್ತು ಆಮೇಲೆ ಕೆಲವು ದಿನ ನೋವು ಸಿಕ್ಕಾಪಟ್ಟೆ ಇರುತ್ತೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ತಗೋಬೇಡಿ, ಪ್ಲೇಟ್‌ಲೆಟ್ ಕೆಲಸ ಕುಂದುತ್ತೆ, ಬೇಕಾದರೆ ಪ್ಯಾರಾಸಿಟಮಾಲ್ ತಗೊಳ್ಳಿ ಅಂದಿದ್ದರು. ಗುಣ ಗೊತ್ತಾಗಲು ತಿಂಗಳುಗಳೇ ಹಿಡಿಯಿತು. ಈಗ ಚೆನ್ನಾಗಿದೆ. ಆದರೆ ಅದೇ ಹೊತ್ತಿಗೆ ಕಪಾತು ಕೆಲಸ ತಮ್ಮನಿಗೆ ಬಿಟ್ಟುಕೊಟ್ಟೆ, ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮವನ್ನೂ ಮಾಡಿದೆ. ಯಾವುದರಿಂದ ಎಷ್ಟು ಅಂತ ಹೇಳೋಕೆ ನನ್ನಿಂದ ಆಗಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ 2010ರಲ್ಲಿ ಬಂದ ಅಧ್ಯಯನ ನೋಡಿ ಹಾಕಿಸಿಕೊಂಡಿದ್ದೆ. 100 ಜನರಲ್ಲಿ ಸ್ಟೆರಾಯ್ಡ್‌ನವರಿಗೆ ಮೊದಲು ಗುಣ ಆಗಿ ಆಮೇಲೆ ಹಿಂದೆ ಬಿತ್ತು, ಪಿಆರ್‌ಪಿಯವರು ನಿಧಾನವಾಗಿ ಮುಂದೆ ಹೋದರು ಅಂತ ಅದರಲ್ಲಿತ್ತು. ಆದರೆ ಚಿಕಿತ್ಸೆಗಳ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2021ರಲ್ಲಿ 32 ಅಧ್ಯಯನ ಒಟ್ಟಿಗೆ ಇಟ್ಟು ನೋಡಿದಾಗ ಮೊಣಕೈ ನೋವಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಅಂದಿದ್ದಾರೆ. ಸ್ಟೆರಾಯ್ಡ್ ಜೊತೆ ಹೋಲಿಸಿದರೆ ಗೆಲ್ಲುತ್ತೆ, ಸಲೈನ್ ಜೊತೆ ಹೋಲಿಸಿದರೆ ಗೆಲ್ಲಲ್ಲ. ಹಾಗಾದರೆ ಸ್ಟೆರಾಯ್ಡ್ ಹಿಂದೆ ಬಿದ್ದಿದ್ದಕ್ಕೇ ಪಿಆರ್‌ಪಿ ಮುಂದೆ ಕಂಡಿತಾ ಅನ್ನೋ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಇದೆ. ಡಾಕ್ಟರ್ ಯಾರಾದರೂ ಇದ್ದರೆ ಹೇಳಲಿ.

ಕಾಫಿನಾಡು_ಹುಡುಗ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ 27, ತಲೆಕೂದಲು ನೆತ್ತಿ ಮೇಲೆ ತೆಳ್ಳಗಾಗುತ್ತಿದೆ. ಚಿಕ್ಕಮಗಳೂರಿನಲ್ಲಿ ಒಂದು ಪಾರ್ಲರ್‌ನವರೇ ಪಿಆರ್‌ಪಿ ಪ್ಯಾಕೇಜ್ ಕೊಡುತ್ತೇವೆ ಅಂತಿದ್ದಾರೆ. ಕೂದಲಿಗೆ ಇದು ಕೆಲಸ ಮಾಡುತ್ತಾ?

ಚರ್ಮದ_ಡಾಕ್ಟರ್

ಪಾರ್ಲರ್‌ನಲ್ಲಿ ಖಂಡಿತ ಬೇಡಪ್ಪ. ಮೇಲೆ ಟೆಕ್ನಿಷಿಯನ್ ಬರೆದಿದ್ದನ್ನು ಇನ್ನೊಂದು ಸಲ ಓದಿ. ರಕ್ತ ತೆಗೆದು ಮತ್ತೆ ಚುಚ್ಚುವ ಕೆಲಸವನ್ನು ಡಾಕ್ಟರ್ ಇರುವ ಕಡೆ ಮಾತ್ರ ಮಾಡಿಸಬೇಕು.

ವಂಶದಿಂದ ಬರುವ ಕೂದಲು ಉದುರುವಿಕೆಗೆ ಪಿಆರ್‌ಪಿ ಸ್ವಲ್ಪ ಸಹಾಯ ಮಾಡುತ್ತದೆ, ಕೂದಲಿನ ದಟ್ಟಣೆ ಹೆಚ್ಚಿದ ಅಧ್ಯಯನಗಳಿವೆ. ಆದರೆ ಬೇರು ಉಳಿದಿರುವ, ತೆಳ್ಳಗಾದ ಜಾಗದಲ್ಲಿ ಮಾತ್ರ. ಪೂರ್ತಿ ಬೋಳಾದ ಕಡೆ ಏನೂ ಹುಟ್ಟಲ್ಲ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ನಾಲ್ಕು ಸಲ, ಆಮೇಲೂ ಆಗಾಗ ಮಾಡಿಸುತ್ತಿರಬೇಕು, ಬಿಟ್ಟರೆ ಗುಣ ನಿಲ್ಲಲ್ಲ. ಮೊದಲು ಮಿನಾಕ್ಸಿಡಿಲ್, ಬೇಕಾದರೆ ಡಾಕ್ಟರ್ ಸಲಹೆಯಲ್ಲಿ ಫಿನಾಸ್ಟರೈಡ್. ಇವಕ್ಕೆ ಆಧಾರ ಹೆಚ್ಚು, ಖರ್ಚು ಕಡಿಮೆ. ಪಿಆರ್‌ಪಿ ಅವುಗಳ ಜೊತೆಗೆ ಬೇಕಾದರೆ, ಬದಲಿಗಲ್ಲ.

ಇನ್ನೊಂದು. ಕಳೆದ ಕೆಲವು ತಿಂಗಳಲ್ಲಿ ಡೆಂಗಿ, ಟೈಫಾಯ್ಡ್ ಏನಾದರೂ ಬಂದಿತ್ತಾ? ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಕಂತೆ ಕಂತೆ ಉದುರುತ್ತೆ, ಆಮೇಲೆ ತಾನಾಗಿಯೇ ಬರುತ್ತೆ. ಬಾಣಂತಿಯರಿಗೂ ಹಾಗೇ. ಅಂಥವರು ಪಿಆರ್‌ಪಿ ಮಾಡಿಸಿ, ಕೂದಲು ಬಂದ ಮೇಲೆ ಪಿಆರ್‌ಪಿಯಿಂದ ಬಂತು ಅಂದುಕೊಳ್ಳುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಉಳಿದಿರುವ ಕಬ್ಬಿಣಾಂಶ) ಒಮ್ಮೆ ನೋಡಿಸಿಕೊಳ್ಳಿ.

ಮೂಳೆ_ವೈದ್ಯ

ನಾನು ಮೂಳೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಆಯ್ದ ಕೆಲವರಿಗೆ ಪಿಆರ್‌ಪಿ ಹಾಕಿಯೂ ಹಾಕುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬೇಲೂರಿನವರ ಪ್ರಶ್ನೆ. ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಯಾವುದರ ಜೊತೆ ಹೋಲಿಸಿದರು ಅನ್ನುವುದೇ ಇಲ್ಲಿ ಮುಖ್ಯ. ಸ್ಟೆರಾಯ್ಡ್ ಕೆಲವು ವಾರ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಕೈಕೊಡುತ್ತೆ, ವರ್ಷದ ಕೊನೆಗೆ ನೋಡಿದರೆ ಪಕ್ಕದಲ್ಲಿರುವುದು ಯಾವುದೇ ಆದರೂ ಚೆನ್ನಾಗಿ ಕಾಣುತ್ತೆ. ಹಿಮ್ಮಡಿ ಮೇಲಿನ ದಪ್ಪ ನರದಂಥ ಕಂಡರ ಇದೆಯಲ್ಲ, ಅಕಿಲಿಸ್, ಅದರ ನೋವಿಗೆ ಬ್ರಿಟನ್‌ನಲ್ಲಿ 240 ಜನರ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ಪಿಆರ್‌ಪಿಗೂ ಬರೀ ಸೂಜಿ ಚುಚ್ಚಿದ್ದಕ್ಕೂ ಆರು ತಿಂಗಳಲ್ಲಿ ವ್ಯತ್ಯಾಸ ಇರಲಿಲ್ಲ. ಕಣಕಾಲು ಕೀಲಿನ ಸವೆತಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿ 100 ಜನರ ಮೇಲೆ ಮಾಡಿದ್ದೂ ಅದೇ ವರ್ಷ ಬಂತು, ಅಲ್ಲೂ ಹಾಗೇ.

ಹಾಗಾದರೆ ಇಷ್ಟು ಹೆಸರು ಬಂದಿದ್ದು ಹೇಗೆ? ಪ್ಲೇಟ್‌ಲೆಟ್ ಒಳಗೆ ಸಣ್ಣ ಸಣ್ಣ ಕಣಗಳಲ್ಲಿ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಪ್ರೋಟೀನ್‌ಗಳಿವೆ. ಗಾಯ ಆದಾಗ ಅವು ಹೊರಬಂದು ಹೊಸ ರಕ್ತನಾಳ, ಹೊಸ ಅಂಗಾಂಶ ಕಟ್ಟಲು ನೆರವಾಗುತ್ತವೆ. ಇದು ಸತ್ಯ. 1998ರಲ್ಲಿ ಅಮೆರಿಕದಲ್ಲಿ ದವಡೆ ಮೂಳೆ ಕಸಿಗೆ ಬಳಸಿ, ಮೂಳೆ ಬೇಗ ಕೂಡಿತು ಅಂತ ವರದಿ ಮಾಡಿದ ಮೇಲೆ ಎಲ್ಲ ಕಡೆ ಹರಡಿತು. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಹಾಕಿಸಿಕೊಂಡ ಸುದ್ದಿ ಬಂದ ಮೇಲಂತೂ ಕೇಳುವುದೇ ಬೇಡ. ಸ್ನಾಯುವಿಗೆ ಪಿಆರ್‌ಪಿ ಹಾಕಿಸುವುದನ್ನು ಡೋಪಿಂಗ್ ತಡೆಯುವ ವಾಡಾ ಸಂಸ್ಥೆ 2010ರಲ್ಲಿ ಆಟಗಾರರಿಗೆ ನಿಷೇಧಿಸಿತ್ತು. ಶಕ್ತಿ ಹೆಚ್ಚಿಸುತ್ತೆ ಅನ್ನೋದಕ್ಕೆ ಆಧಾರ ಸಿಗದೆ 2011ರಲ್ಲಿ ಪಟ್ಟಿಯಿಂದ ತೆಗೆಯಿತು. ತತ್ವ ಚೆನ್ನಾಗಿದೆ. ಆದರೆ ತತ್ವ ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲ ಕೀಲಿನಲ್ಲೂ ಫಲ ಬರಬೇಕಂತೇನಿಲ್ಲ.

ಸಂಘಗಳ ಮಾರ್ಗಸೂಚಿಗಳೂ ಒಂದೇ ಥರ ಇಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡ ಅಂತ ಒತ್ತಿ ಹೇಳುತ್ತದೆ, ಒಬ್ಬೊಬ್ಬರು ಒಂದೊಂದು ಥರ ತಯಾರು ಮಾಡುವುದರಿಂದ ಏನು ಹಾಕುತ್ತಿದ್ದಾರೆ ಅಂತಲೇ ಗೊತ್ತಾಗಲ್ಲ ಅನ್ನೋದು ಅವರ ಕಾರಣ. ಅಲ್ಲಿನ ಮೂಳೆ ಶಸ್ತ್ರವೈದ್ಯರ ಸಂಘ 2021ರಲ್ಲಿ, ನೋವು ಕಡಿಮೆ ಆಗಬಹುದು, ಆದರೆ ಆಧಾರ ಸೀಮಿತ ಅಂದಿತು. ನಿಮ್ಮ ಇಬ್ಬರು ಡಾಕ್ಟರ್ ಬೇರೆ ಬೇರೆ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ.

ನಾನು ಹೇಗೆ ನೋಡುತ್ತೇನೆ ಅಂದರೆ, ಗ್ರೇಡ್ 1, 2, ಕೆಲವು 3. ವ್ಯಾಯಾಮ, ತೂಕ, ಮಾತ್ರೆ ಎಲ್ಲ ಸರಿಯಾಗಿ ಮಾಡಿಯೂ ನೋವು ಇರುವವರು. ಅವರಿಗೆ ಕೂತು ವಿವರವಾಗಿ ಹೇಳುತ್ತೇನೆ. ಆರು ತಿಂಗಳಿಂದ ಒಂದು ವರ್ಷ ನೋವು ಕಡಿಮೆ ಆಗಬಹುದು, ಆಗದೆಯೂ ಇರಬಹುದು, ಕಾರ್ಟಿಲೇಜ್ ಬೆಳೆಯಲ್ಲ. ಇಷ್ಟು ಕೇಳಿಯೂ ಬೇಕು ಅಂದರೆ ಹಾಕುತ್ತೇನೆ. ಗ್ರೇಡ್ 4ಕ್ಕೆ ಹಾಕಲ್ಲ. ಕಾಂಡಕೊರಕ ಪೂರ್ತಿ ತಿಂದ ಅರೇಬಿಕಾ ಗಿಡಕ್ಕೆ ಗೊಬ್ಬರ ಹಾಕಿದರೆ ಚಿಗುರುತ್ತಾ? ಅಂಥವರಿಗೆ ಆಪರೇಷನ್ನೇ ದಾರಿ. 2017ರಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿದ ಮೇಲೆ ಇಂಪ್ಲಾಂಟ್ ಖರ್ಚು ಮೊದಲಿನಷ್ಟಿಲ್ಲ. ಗ್ರೇಡ್ 4ಕ್ಕೆ ಪಿಆರ್‌ಪಿ ಮೇಲೆ ಪಿಆರ್‌ಪಿ ಹಾಕಿಸಿ ದುಡ್ಡು, ಕಾಲ ಎರಡನ್ನೂ ಕಳೆಯುವುದನ್ನು ನೋಡಿದಾಗ ನನಗೆ ಸಂಕಟ ಆಗುತ್ತೆ.

ಶುಗರ್ ಇರುವವರಿಗೆ ಒಂದು ಮಾತು. ಮಂಡಿಗೆ ಸ್ಟೆರಾಯ್ಡ್ ಹಾಕಿದರೆ ಕೆಲವು ದಿನ ಶುಗರ್ ಏರುತ್ತೆ, ಪಿಆರ್‌ಪಿಯಲ್ಲಿ ಆ ತೊಂದರೆ ಇಲ್ಲ. ಸ್ಟೆರಾಯ್ಡನ್ನು ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿ ನೋಡಿದ ಅಧ್ಯಯನ 2017ರಲ್ಲಿ ಬಂದಿದೆ, ಸಲೈನ್‌ಗಿಂತ ಅದರಲ್ಲೇ ಕಾರ್ಟಿಲೇಜ್ ಜಾಸ್ತಿ ಕರಗಿತ್ತು, ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಪಿಆರ್‌ಪಿ ಬೇಡ ಅಂತ ಪದೇ ಪದೇ ಸ್ಟೆರಾಯ್ಡ್ ಹಾಕಿಸುವುದೂ ಸರಿಯಲ್ಲ. ಹಾಗೇ, ಶುಗರ್‌ನಿಂದ ಪಾದದಲ್ಲಿ ಆಗಿ ವಾಸಿಯಾಗದೆ ಉಳಿದ ಗಾಯಕ್ಕೆ ಪಿಆರ್‌ಪಿ ಹಚ್ಚುವುದು ನನಗೆ ಮಂಡಿಗಿಂತ ಹೆಚ್ಚು ನಂಬಿಕೆ ಇರುವ ಜಾಗ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2021ರಲ್ಲಿ ಅಂಥ ಗಾಯಕ್ಕೆ 20 ವಾರದವರೆಗೆ ಖರ್ಚು ಭರಿಸಲು ಒಪ್ಪಿತು. ಆದರೆ ಗಾಯ ತೊಳೆಯುವುದು, ಸತ್ತ ಚರ್ಮ ತೆಗೆಯುವುದು, ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು ಬಿಟ್ಟು ಬರೀ ಪಿಆರ್‌ಪಿ ಹಚ್ಚಿದರೆ ಪ್ರಯೋಜನ ಇಲ್ಲ.

ಯಾರಿಗೆ ಹಾಕಬಾರದು: ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತದ ಕಾಯಿಲೆ ಇರುವವರು, ಮೈಯಲ್ಲಿ ಅಥವಾ ಮಂಡಿ ಸುತ್ತ ಸೋಂಕು ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಬೇಕು. ಹಾಕಿಸಿದ ಮೇಲೆ ಒಂದೆರಡು ದಿನ ಊತ, ನೋವು ಸಹಜ. ಜ್ವರ ಬಂದು ಮಂಡಿ ಕೆಂಪಗೆ, ಬಿಸಿಯಾಗಿ, ಕಾಲು ಊರಲಾಗದಷ್ಟು ನೋವಾದರೆ ರಾತ್ರಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಮೂಡಿಗೆರೆ_ತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿ ಟೆಕ್ನಿಷಿಯನ್ ಸರ್ ಹೇಳಿದ ಹಾಗೆ ಕೇಳಿದೆ. ಕಿಟ್ ಹೆಸರು ಹೇಳಿದರು, ಕೌಂಟ್ ನೋಡುವ ಪದ್ಧತಿ ಇಲ್ಲ ಅಂದರು. ಮೂರು ಯಾಕೆ ಅಂದಿದ್ದಕ್ಕೆ ಪ್ಯಾಕೇಜ್ ಹಾಗೇ ಇದೆ ಅಂದರು. ಅಲ್ಲಿಗೆ ನನಗೆ ತೀರ್ಮಾನ ಆಯ್ತು.

ಅಮ್ಮನಿಗೆ ಟವೆಲ್ ವ್ಯಾಯಾಮ ಶುರು ಮಾಡಿಸಿದ್ದೇನೆ. ಇದೇನು ಕೂತುಕೊಂಡು ಮಾಡೋದು, ಇದರಲ್ಲೇನಿದೆ ಅಂದರು. ಐದು ಎಣಿಸುವಷ್ಟರಲ್ಲಿ ಬಲತೊಡೆ ಗಡಗಡ ನಡುಗಿತು, ಆಮೇಲೆ ಸುಮ್ಮನಾದರು. ರೊಬಸ್ಟಾ ಕೊಯ್ಲು ಮುಗಿಯುವ ತನಕ ಬಿಡದೆ ಮಾಡಿಸುತ್ತೇನೆ. ಕಣದ ಕೆಲಸಕ್ಕೆ ಉದ್ದ ಹಿಡಿಯ ಗೋರುಹಲಗೆ ಮಾಡಿಸಿದ್ದೇವೆ, ನಿಂತೇ ಎಳೆಯಬಹುದು. ಆಮೇಲೂ ನೋವು ಹೀಗೇ ಇದ್ದರೆ ಬಲ ಮಂಡಿಗೆ ಮಾತ್ರ, ಒಂದೇ ಒಂದು ಪಿಆರ್‌ಪಿ, ಕೌಂಟ್ ನೋಡುವ ಕಡೆ. ಅಮ್ಮನಿಗೂ ಇದು ಒಪ್ಪಿಗೆ ಆಗಿದೆ.

ಒಂದು ಕೇಳೋದು ಬಿಟ್ಟಿದ್ದೆ. ಅಮ್ಮ ರಾತ್ರಿ ಎಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ತಗೋತಾರೆ, ಹೃದಯದ ಡಾಕ್ಟರ್ ಕೊಟ್ಟಿದ್ದು. ಮುಂದೆ ಪಿಆರ್‌ಪಿ ಹಾಕಿಸೋದಾದರೆ ಅದನ್ನು ನಿಲ್ಲಿಸಬೇಕಾ?

ಮೂಳೆ_ವೈದ್ಯ

ನೀವಾಗಿಯೇ ನಿಲ್ಲಿಸಬೇಡಿ. ಆಸ್ಪಿರಿನ್ ಪ್ಲೇಟ್‌ಲೆಟ್ ಕೆಲಸ ಕುಂದಿಸುತ್ತೆ ನಿಜ, ಅದಕ್ಕೇ ಕೆಲವರು ಪಿಆರ್‌ಪಿಗೆ ಮೊದಲು ಬಿಡಿಸುತ್ತಾರೆ. ಆದರೆ ಅಮ್ಮನಿಗೆ ಹೃದಯಕ್ಕೆ ಅಂತ ಕೊಟ್ಟಿದ್ದರೆ ಅದರ ಮುಂದೆ ಮಂಡಿನೋವು ಚಿಕ್ಕದು. ಸ್ಟೆಂಟ್ ಹಾಕಿದ್ದಾರಾ, ಹಾಕಿದ್ದರೆ ಯಾವಾಗ ಅನ್ನುವ ಕಾಗದ ತೆಗೆದುಕೊಂಡು ಹೃದಯದ ಡಾಕ್ಟರನ್ನೇ ಕೇಳಿ. ಅವರು ಬಿಡಬಾರದು ಅಂದರೆ ಪಿಆರ್‌ಪಿ ಯೋಚನೆ ಕೈಬಿಡಿ, ವ್ಯಾಯಾಮ ಮುಂದುವರಿಸಿ.